ಹೊಟ್ಟೆಯಿಂದ ಬಂದ ಲೈಟ್ನಿಂಗ್ ಕಾಲ್

ತೇಗು ಉಣ್ಣುವವರೆಲ್ಲರಿಗೂ ಬರುವಂಥದ್ದೇ; ಅದಕ್ಕೆ ಸಿಗುವ ಮರ್ಯಾದೆ ಮಾತ್ರ ಮನೆಯಿಂದ ಮನೆಗೆ ಬೇರೆ. ನಮ್ಮ ತಂದೆ ಊಟ ಮುಗಿಸಿ ಕೈ ತೊಳೆಯಲು ಏಳುವ ಮುನ್ನ ತೇಗುತ್ತಿದ್ದ ದೀರ್ಘವಾದ ತೇಗು ಅಡುಗೆಮನೆಯಲ್ಲಿದ್ದ ಅಮ್ಮನಿಗೆ ಪ್ರಶಸ್ತಿಪತ್ರದ ವಾಚನದಂತೆ ಕೇಳಿಸುತ್ತಿತ್ತು. ಹತ್ತನೆಯ ವಯಸ್ಸಿಗೆ ನನ್ನನ್ನು ಘಟ್ಟದ ಕೆಳಗಿನ ಕಾನ್ವೆಂಟ್ ಹಾಸ್ಟೆಲ್ಲಿಗೆ ಸೇರಿಸಿದಾಗ ಅಲ್ಲಿನ ಸಿಸ್ಟರ್ ಮೊಟ್ಟಮೊದಲು ಕಲಿಸಿದ್ದು ಪ್ರಾರ್ಥನೆಯನ್ನಲ್ಲ, ತೇಗನ್ನು ನುಂಗುವುದನ್ನು. 'ಎ ಲೇಡಿ ಡಸ್ ನಾಟ್' ಎಂದಷ್ಟೇ ಅವರು ಹೇಳುತ್ತಿದ್ದರು. ಏನನ್ನು ಮಾಡುವುದಿಲ್ಲ ಎಂಬ ಕ್ರಿಯಾಪದವನ್ನು ಉಚ್ಚರಿಸುವುದೂ ಅಸಭ್ಯವೆನಿಸುತ್ತಿತ್ತೋ ಏನೋ. ಹಾಗೆ ನುಂಗಿದ ತೇಗುಗಳೆಲ್ಲ ಎಲ್ಲಿಗೆ ಹೋದವು ಎಂದು ನಾನು ಐವತ್ತೈದು ವರ್ಷ ಯೋಚಿಸಲಿಲ್ಲ. ಅರವತ್ತಾರು ತುಂಬಿದ ವರ್ಷ ಅವೆಲ್ಲ ಒಟ್ಟಾಗಿ ಮರಳಿ ಬಂದವು. ಬಂದು ತಟ್ಟಿದ್ದು ಮಾತ್ರ ಎದೆಯ ಬಾಗಿಲನ್ನು.

ಊಟವಾಗಿ ಅರ್ಧ ಗಂಟೆಗೆ ಎದೆಯ ನಟ್ಟನಡುವೆ ಉರಿ, ಅದರ ಮೇಲೊಂದು ಒತ್ತು, ಗಂಟಲಿಗೆ ಹುಳಿ. ಇದಕ್ಕೆ ನಮ್ಮಮ್ಮ ಹುಳಿತೇಗು ಎನ್ನುತ್ತಿದ್ದಳು, ಒಂದು ಲೋಟ ಮಜ್ಜಿಗೆ ಕುಡಿದು ಮರೆಯುತ್ತಿದ್ದಳು. ಆದರೆ ಕಲಿತ ಮಗಳಿಗೆ ಅಷ್ಟು ಸರಳವಾಗಿ ನರಳುವ ಭಾಗ್ಯವಿಲ್ಲ. ನನಗೆ ನೆನಪಾದದ್ದು ಇಂಗ್ಲಿಷಿನ ಹಾರ್ಟ್‌ಬರ್ನ್. ಹೊಟ್ಟೆಯ ಹುಳಿಗೆ ಹೃದಯದ ಹೆಸರಿಟ್ಟ ಆ ಪುಣ್ಯಾತ್ಮ ಯಾರೋ ತಿಳಿಯದು. ಅವನಿಂದಾಗಿ ಉದರದ ಉಪದ್ರವವೆಲ್ಲ ನನ್ನ ಪಾಲಿಗೆ ಹೃದಯದ ವಿದ್ರೋಹವಾಯಿತು. ಪತ್ರಿಕೆಯ ಆರೋಗ್ಯ ಪುರವಣಿಯಲ್ಲಿ ಎಡಗೈ ನೋವಿನ ಬಗ್ಗೆ ಓದಿದ ಭಾನುವಾರ ಎಡಗೈ ನೋಯುತ್ತಿತ್ತು, ದವಡೆಯ ಬಗ್ಗೆ ಓದಿದ ಭಾನುವಾರ ದವಡೆ. ನನ್ನ ಹೃದಯವಂತಿಕೆಯ ಬಗ್ಗೆ ನನಗೆಂದೂ ಸಂಶಯವಿರಲಿಲ್ಲ. ಸಂಶಯವೆಲ್ಲ ಹೃದಯದ ಬಗ್ಗೆಯೇ.

ನಗುವ ಮೊದಲು ನೀವು ಇನ್ನೊಂದು ಸಂಗತಿ ತಿಳಿಯಬೇಕು. ನಾನು ಟೆಲಿಫೋನ್ ಆಪರೇಟರ್ ಆಗಿದ್ದವಳು. ಮೊದಲು ಕೊಪ್ಪದಲ್ಲಿ, ಆಮೇಲೆ ನರಸಿಂಹರಾಜಪುರದಲ್ಲಿ, ಕಿವಿಗೆ ಹೆಡ್‌ಫೋನ್ ಏರಿಸಿ, ಬೋರ್ಡಿನ ಮುಂದೆ ಕೂತು, 'ನಂಬರ್ ಪ್ಲೀಸ್' ಎನ್ನುತ್ತಲೇ ನನ್ನ ತಲೆ ಬೆಳ್ಳಗಾಯಿತು. ಆಗ ದೂರದೂರಿನ ಕರೆಗೆ ಮೂರು ವರ್ಣಗಳಿದ್ದವು: ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್. ಆರ್ಡಿನರಿ ಬುಕ್ ಮಾಡಿದವರು ಬೆಳಿಗ್ಗೆಯಿಂದ ಸಂಜೆಯವರೆಗೆ ಕಾದು ಸುಸ್ತಾಗಿ ಹೋಗುತ್ತಿದ್ದರು. ಲೈಟ್ನಿಂಗ್ ಎಂದರೆ ಉಳಿದದ್ದೆಲ್ಲ ಪಕ್ಕಕ್ಕೆ ಸರಿಯಬೇಕು. ಅದರ ಹಿಂದೆ ಹೆಚ್ಚಾಗಿ ಆಸ್ಪತ್ರೆಯೋ ಸಾವೋ ಇರುತ್ತಿತ್ತು. ದನಿ ಕೇಳಿದರೆ ಸಾಕು, ಕರೆ ಯಾವ ಜಾತಿಯದೆಂದು ಹೇಳಬಲ್ಲೆ ಎಂಬ ಜಂಭ ನನಗಿತ್ತು.

ಆ ಜಂಭ ಇಳಿದದ್ದು ನಮ್ಮವರಿಂದ. ನಾನು ರಿಟೈರ್ ಆದ ಮರುವರ್ಷ, ನರಸಿಂಹರಾಜಪುರದ ಮನೆಯಲ್ಲಿ, ಒಂದು ಬೆಳಿಗ್ಗೆ ಅವರು ಮೂರು ಕಡುಬು ತಿಂದು ಎದೆ ಸವರಿಕೊಂಡರು. 'ಗ್ಯಾಸ್ಟ್ರಿಕ್ಕು ಕಣೇ. ಸ್ವಲ್ಪ ಜೀರಿಗೆ ಕಷಾಯ ಮಾಡು' ಎಂದರು. ಗ್ಯಾಸ್ಟ್ರಿಕ್ ಎಂಬುದು ವಿಶೇಷಣ, ಅದರ ಮುಂದೊಂದು ನಾಮಪದ ಬೇಕು ಎಂದು ಸದಾ ತಿದ್ದುತ್ತಿದ್ದ ನಾನು ಅವತ್ತೂ ತಿದ್ದಿದೆ. ಅವರು ನಕ್ಕರು. ಕಷಾಯ ಕುಡಿದರು. ಹನ್ನೊಂದು ಗಂಟೆಗೆ ಕುರ್ಚಿಯಲ್ಲೇ ಹೋಗಿಬಿಟ್ಟರು.

ಆಮೇಲೆ ನಾನು ಕೊಪ್ಪದ ಮಗಳ ಮನೆಗೆ ಬಂದೆ. ಕೆಲವು ವರ್ಷ ಏನೂ ಇರಲಿಲ್ಲ. ಮೊದಲ ಬಾರಿ ನನ್ನ ಎದೆಯೇ ಉರಿದಾಗ ನಾನು ಮಾಡಿದ ತೀರ್ಮಾನ ನಿಮಗೆ ಈಗ ಅರ್ಥವಾದೀತು: ಇನ್ನು ಮುಂದೆ ಆ ಪ್ರದೇಶದಿಂದ ಬರುವ ಕರೆಯೆಲ್ಲ ಲೈಟ್ನಿಂಗೇ. ಒಂದು ವರ್ಷದಲ್ಲಿ ನಾಲ್ಕು ಇಸಿಜಿ ಆದವು. ನಾಲ್ಕೂ ನಾರ್ಮಲ್. ಅವನ್ನು ಮಡಿಸಿ ರೇಷ್ಮೆ ಸೀರೆಗಳ ನಡುವೆ ಇಟ್ಟಿದ್ದೆ, ನುಸಿ ಗುಳಿಗೆಯ ಸಮೇತ. ನಾಲ್ಕನೆಯ ಬಾರಿ ಡಾಕ್ಟರು ಕಾಗದದ ಪಟ್ಟಿಯನ್ನು ನನ್ನ ಮುಂದೆ ಹಾಸಿ, 'ಅಮ್ಮಾ, ನಿಮ್ಮ ಹಾರ್ಟು ಸರಿಯಾಗೇ ಇದೆ. ನನ್ನ ಮಷೀನೇ ಈಗ ಸುಸ್ತಾಗಿರೋದು' ಎಂದರು.

ಇಷ್ಟೇ ಆಗಿದ್ದರೆ ಇದು ನನ್ನೊಬ್ಬಳ ಗೋಳಾಗಿ ಉಳಿಯುತ್ತಿತ್ತು. ಆದರೆ ಶೃಂಗೇರಿ ಹತ್ತಿರದ ಅಡ್ಡಗದ್ದೆಯಲ್ಲಿದ್ದ ನನ್ನ ಅಕ್ಕನಿಗೆ ಎರಡೂ ಕಣ್ಣಲ್ಲಿ ಪೊರೆ ಬಂದಿತ್ತು. ಶೃಂಗೇರಿಯಲ್ಲಿ ಆಪರೇಷನ್ನಿಗೆ ದಿನ ಗೊತ್ತಾಗಿತ್ತು. ಆಮೇಲೆ ವಾರಗಟ್ಟಲೆ ಹೊತ್ತುಹೊತ್ತಿಗೆ ಕಣ್ಣಿಗೆ ಔಷಧಿ ಬಿಡಬೇಕು. ಸೊಸೆ ಬಾಣಂತನಕ್ಕೆ ತವರಿಗೆ ಹೋಗಿದ್ದಳು. ಮಗ ಮನೆಯಲ್ಲೇ ಇದ್ದ. 'ಅಡಕೆ ಸುಲಿದ ಕೈ ಅದು. ಹತ್ರ ತಂದ್ರೆ ಕಣ್ಣೇ ಕಿತ್ತು ಬತ್ತದೆ' ಎಂದು ಅಕ್ಕ ಅವನನ್ನು ತಳ್ಳಿಹಾಕಿದ್ದಳು. ನಾನು ಬಂದ ಮೇಲೇ ಆಪರೇಷನ್ ಎಂಬುದು ಅವಳ ಹಟ. ನಾನೋ, ಕೊಪ್ಪದ ಡಾಕ್ಟರಿಗೂ ಶೃಂಗೇರಿಯ ಡಾಕ್ಟರಿಗೂ ನಡುವಿನ ಬಸ್ಸಿನ ದಾರಿಯನ್ನು ನೆನೆದೇ ಬೆವರುತ್ತಿದ್ದೆ. ಆ ತಿರುವುಗಳಲ್ಲಿ ಎಲ್ಲೋ ನನಗೆ ಏನಾದರೂ ಆದರೆ? ಒಮ್ಮೆ ಅಜೀರ್ಣ, ಒಮ್ಮೆ ತಲೆಸುತ್ತು, ಒಮ್ಮೆ ಸುಮ್ಮನೆ 'ಯಾಕೋ ಸರಿ ಇಲ್ಲ' ಎಂದು ಮೂರು ಸಲ ತಪ್ಪಿಸಿಕೊಂಡೆ. ಮೂರು ಸಲವೂ ಅವಳ ಆಪರೇಷನ್ ಮುಂದಕ್ಕೆ ಹೋಯಿತು. ಈ ನಡುವೆ ಅವಳು ಹಿತ್ತಲ ಮೆಟ್ಟಿಲು ಕಾಣದೆ ಬಿದ್ದು ಮೊಣಕಾಲು ತರಚಿಕೊಂಡಳು. ಅವತ್ತು ಫೋನಿನಲ್ಲಿ ಬೈದಳು.

'ಪದ್ದೀ, ಎಂತದೇ ನಿಂದು? ನಾ ಪೂರ್ತಿ ಕುರುಡಿ ಆದ ಮೇಲೆ ಬತ್ಯಾ?'

'ಅಕ್ಕಾ, ನನ್ನ ಹಾರ್ಟು...'

'ನಿನ್ನ ಹಾರ್ಟಿಗೆ ಬರಕ್ಕೆ ಆಗಲ್ಲ ಅಂದ್ರೆ ಅಲ್ಲೇ ಬಿಟ್ಟು ಬಾ ಮಾರಾಯ್ತಿ. ನಂಗೆ ಬೇಕಾದ್ದು ನಿನ್ನ ಕೈ.'

ನಾಚಿಕೆಯಿಂದ ಐದನೆಯ ಬಾರಿ ಡಾಕ್ಟರ ಬಳಿ ಹೋದೆ. ಈ ಸಲ ಮಷೀನಿಗೆ ರಜೆ ಕೊಟ್ಟು, ಅವರು ಪ್ರಿಸ್ಕ್ರಿಪ್ಶನ್ನಿನ ಹಿಂಬದಿಯಲ್ಲಿ ಎರಡು ಗೆರೆ ಎಳೆದರು. ಹೊಟ್ಟೆಯ ಕಡೆಯಿಂದಲೂ ಹೃದಯದ ಕಡೆಯಿಂದಲೂ ಬರುವ ನರಗಳು ಅಕ್ಕಪಕ್ಕದಲ್ಲೇ ಹಾದು ಹೋಗುತ್ತವೆ, ಹೀಗಾಗಿ ನೋವು ಎಲ್ಲಿಯದೆಂದು ಮಿದುಳಿಗೇ ಕೆಲವೊಮ್ಮೆ ಗೊಂದಲ ಎಂದರು. 'ಕ್ರಾಸ್ ಕನೆಕ್ಷನ್' ಎಂದೆ. 'ಕರೆಕ್ಟ್' ಎಂದರು. ಮೂವತ್ತು ವರ್ಷದ ಸರ್ವೀಸಿನಲ್ಲಿ ಮಳೆಗಾಲದ ಕ್ರಾಸ್ ಕನೆಕ್ಷನ್ನುಗಳನ್ನು ಬಿಡಿಸಿದ ನನಗೆ ಇದನ್ನು ಮೊದಲೇ ಯಾರಾದರೂ ಹೇಳಬಾರದಿತ್ತೇ? ಉರಿ ಬಂದಾಗ ನಾನು ಕೇಳಿಕೊಳ್ಳಬೇಕಾದ ಪ್ರಶ್ನೆಗಳನ್ನೂ ಅವರು ಬರೆದುಕೊಟ್ಟರು: ನಡೆದರೆ ನೋವು ಹೆಚ್ಚಾಗುತ್ತದೆಯೇ, ತಣ್ಣನೆಯ ಬೆವರು ಬರುತ್ತದೆಯೇ, ಉಸಿರು ಕಟ್ಟುತ್ತದೆಯೇ, ಕೈಗೋ ದವಡೆಗೋ ಹರಿಯುತ್ತದೆಯೇ. 'ಒಂದಕ್ಕೆ ಹೌದು ಅಂದ್ರೂ ಕಷಾಯ ಗಿಷಾಯ ಅಂತ ಕೂರಬೇಡಿ, ತಕ್ಷಣ ಆಸ್ಪತ್ರೆ. ಎಲ್ಲದಕ್ಕೂ ಇಲ್ಲ ಅಂದ್ರೆ ಮಾತ್ರೆ ತಗೊಂಡು ಅರ್ಧ ಗಂಟೆ ಸುಮ್ನೆ ಕೂತ್ಕೊಳಿ. ಮತ್ತೆ ತೇಗು ಬಂದ್ರೆ ದಯವಿಟ್ಟು ತೇಗಿ.' ಮೊದಲಿನದೆಲ್ಲ ಒಪ್ಪಿದೆ. ಕೊನೆಯದಕ್ಕೆ ಮಾತ್ರ ಸಿಸ್ಟರ್ ಅಡ್ಡ ಬಂದರು.

ಬಸ್ಸು ಹರಿಹರಪುರ ದಾಟುತ್ತಿದ್ದಂತೆ ಉರಿ ಬಂತು. ಬರುವುದೆಂದು ಗೊತ್ತಿತ್ತು, ಆದರೂ ಮುಂದಿನ ಸೀಟಿನ ಕಂಬಿ ಹಿಡಿದುಕೊಂಡೆ. ಬೋರ್ಡಿನಲ್ಲಿ ದೀಪ ಹೊತ್ತಿದರೆ ಆಪರೇಟರ್ ಮೊದಲು ಮಾಡುವುದು ಹೆದರುವುದಲ್ಲ, ಕೇಳುವುದು. ಕಣ್ಣು ಮುಚ್ಚಿ, 'ನಂಬರ್ ಪ್ಲೀಸ್' ಎಂದೆ. ಮನಸ್ಸಿನಲ್ಲೇ ಅಂದೆನೆಂದು ನಾನಂದುಕೊಂಡಿದ್ದೆ. ಪಕ್ಕದಲ್ಲಿ ಬುತ್ತಿ ಕ್ಯಾರಿಯರ್ ಹಿಡಿದು ಕೂತಿದ್ದ ಬುರ್ಖಾದ ಹೆಂಗಸು ನನ್ನತ್ತ ತಿರುಗಿ, 'ಮೊಬೈಲ್ ನಂಬರಾ? ನಂಗೆ ಬಾಯಿಪಾಠ ಇಲ್ಲಮ್ಮ, ಮನೆಯವ್ರಿಗೆ ಗೊತ್ತು' ಎಂದರು. ನಗು ಬಂತು, ನಗುತ್ತ ಎದೆಯುರಿಯಬಹುದೆಂದು ನನಗೆ ಅಂದೇ ತಿಳಿದದ್ದು. ಒಂದೊಂದಾಗಿ ಕೇಳಿಕೊಂಡೆ. ಬೆವರಿಲ್ಲ, ಉಸಿರು ಸರಾಗ. ನಡಿಗೆಯ ಮಾತು? ಬೆಳಿಗ್ಗೆ ಮನೆಯಿಂದ ಸ್ಟ್ಯಾಂಡಿನ ಏರು ಹತ್ತಿ ಬಂದಾಗ ಏನೂ ಆಗಿರಲಿಲ್ಲ. ಎಡಗೈ ನೋಯುತ್ತಿತ್ತು, ಹೌದು. ಆದರೆ ಆ ಕೈಯಲ್ಲಿ ಅಕ್ಕನಿಗೆಂದು ತಂದ ಉಪ್ಪಿನಕಾಯಿಯ ಭರಣಿ ಇತ್ತು. ಅದನ್ನು ಕೆಳಗಿಟ್ಟೆ. ಕೈ ಸುಮ್ಮನಾಯಿತು. ಮಾತ್ರೆ ನುಂಗಿ ಕಾದೆ. ಶೃಂಗೇರಿ ಬರುವಷ್ಟರಲ್ಲಿ ಉರಿ, ಬುಕ್ ಮಾಡಿದವರೇ ಬೇಸತ್ತು ಎದ್ದುಹೋದ ಆರ್ಡಿನರಿ ಕಾಲಿನಂತೆ, ತಾನಾಗಿ ಕ್ಯಾನ್ಸಲ್ ಆಗಿತ್ತು.

ಅಕ್ಕನ ಆಪರೇಷನ್ ಆಯಿತು. ಮೂರನೆಯ ದಿನ ಮಧ್ಯಾಹ್ನ, ಅವಳು ಕಪ್ಪು ಕನ್ನಡಕದಲ್ಲಿ ಪೊಲೀಸ್ ಅಧಿಕಾರಿಯಂತೆ ಕೂತಿದ್ದಾಗ, ಯಾರಿಗೂ ಹೇಳದ ಮಾತನ್ನು ಅವಳಿಗೆ ಹೇಳಿದೆ. ಜೀವಮಾನವಿಡೀ ದನಿ ಕೇಳಿ ಕರೆ ಗುರುತಿಸಿದವಳು, ಮನೆಯಲ್ಲೇ ಇದ್ದ ಗಂಡನ ಕರೆಯನ್ನು ಗುರುತಿಸಲಿಲ್ಲವಲ್ಲ ಎಂದೆ.

ಅಕ್ಕ ಕನ್ನಡಕ ಸರಿಮಾಡಿಕೊಂಡಳು. ಆಮೇಲೆ, 'ಅವ್ರೇ ಗ್ಯಾಸ್ಟ್ರಿಕ್ಕು ಅಂದ್ರು, ನೀ ಕಷಾಯ ಕೊಟ್ಟೆ. ನೀ ಎಂತ ಡಾಕ್ಟ್ರೇನೇ?' ಎಂದಳು.

ಅವಳಿಗೆ ಟೆಲಿಫೋನಿನ ಗಂಧವಿಲ್ಲ. ಆದರೆ ನಮ್ಮ ಇಲಾಖೆಯ ಮೊದಲ ನಿಯಮವನ್ನೇ ಅವಳು ಹೇಳಿದ್ದಳು: ಕರೆ ಯಾವ ದರ್ಜೆಯದೆಂದು ಹೇಳುವವರು ಬುಕ್ ಮಾಡುವವರು, ಆಪರೇಟರ್ ಅದನ್ನು ಚೀಟಿಯಲ್ಲಿ ಬರೆದುಕೊಳ್ಳುತ್ತಾಳೆ. ನಮ್ಮವರು ತಮ್ಮ ಕೊನೆಯ ಕರೆಯನ್ನು ಆರ್ಡಿನರಿ ಎಂದೇ ಬುಕ್ ಮಾಡಿದ್ದರು. ನಾನು ಹಾಗೆಯೇ ಬರೆದುಕೊಂಡಿದ್ದೆ. ಆ ಒಂದು ಚೀಟಿಯನ್ನು ತಿದ್ದಲಾಗದೆ, ಆಮೇಲೆ ಬಂದ ನನ್ನ ಹುಳಿತೇಗುಗಳನ್ನೆಲ್ಲ ಲೈಟ್ನಿಂಗ್ ಎಂದು ಬರೆಯುತ್ತ ಕೂತಿದ್ದೆನಲ್ಲ! ದುಃಖ ಅದರಿಂದ ಕಡಿಮೆಯಾಯಿತೆಂದು ಹೇಳಲಾರೆ. ಅದು ಎದೆಯಿಂದ ಎದ್ದು ತನ್ನ ಜಾಗಕ್ಕೆ ಹೋಗಿ ಕೂತಿತು, ಅಷ್ಟೆ.

ಅವತ್ತು ಪತ್ರೊಡೆಯ ಊಟವಾಗಿತ್ತು. ಔಷಧಿಯ ಹೊತ್ತಾಯಿತು. ಅಕ್ಕ ಕನ್ನಡಕ ತೆಗೆದು, ಕುರ್ಚಿಗೊರಗಿ, ಮುಖ ಮೇಲೆತ್ತಿದಳು. ಎಡಗೈಯಿಂದ ಅವಳ ರೆಪ್ಪೆ ಬಿಡಿಸಿ ಹಿಡಿದೆ. ಬಲಗೈಯಲ್ಲಿ ಔಷಧಿಯ ಶೀಶೆ. ಆಗ ಒಳಗಿಂದ ಅದು ಹೊರಟಿತು. ಬಾಯಿಗೆ ಅಡ್ಡ ಹಿಡಿಯಲು ಕೈಯಿಲ್ಲ, ನುಂಗಲು ಪುರಸೊತ್ತಿಲ್ಲ. ಸಿಸ್ಟರ್ ಎಲ್ಲಿದ್ದರೂ ಕಿವಿ ಮುಚ್ಚಿಕೊಂಡಿರಬೇಕು. ನಮ್ಮ ತಂದೆಯ ಮಗಳೆಂದು ಹೇಳಿಕೊಳ್ಳುವಷ್ಟು ದೊಡ್ಡ ತೇಗು.

'ಯಾವ ಊರಿನ ಕಾಲೇ ಅದು?' ಎಂದಳು ಅಕ್ಕ, ಅಲುಗದೆ.

'ಆರ್ಡಿನರಿ' ಎಂದೆ. ಹನಿ ಸರಿಯಾಗಿ ಅವಳ ಕಣ್ಣಿಗೇ ಬಿತ್ತು.