ತೊಕ್ತೊಸುನ್ ಹೇಳಿದ ಸುಳ್ಳು

ತಲಾಸ್ ಪೇಟೆಗೂ ನಮ್ಮ ಹಳ್ಳಿಗೂ ವ್ಯಾನ್ ಓಡಿಸುವ ತೊಕ್ತೊಸುನ್ ಕೆಟ್ಟವನೇನಲ್ಲ. ಮಗಳು ಚೊಲ್ಪೊನ್ ಕೊಳಾಯಿ ಕೆಲಸ ಕಲಿಯಲು ಜರ್ಮನಿಗೆ ಹೋದಾಗ, ಅದನ್ನು ಊರಲ್ಲಿ ಹೇಳಲು ಅವನಿಗೆ ನಾಲಿಗೆ ಏಳಲಿಲ್ಲ. "ಡಾಕ್ಟರ್ ಓದ್ತಿದ್ದಾಳೆ" ಎಂದುಬಿಟ್ಟ. ಅಂದಿನಿಂದ ಔತಣಗಳಲ್ಲಿ ಅವನಿಗೆ ಹಿರಿಯರ ಸಾಲಿನಲ್ಲೇ ಜಾಗ. ದೊಡ್ಡ ಅತಿಥಿಗೆ ಸಲ್ಲುವ ಬೇಯಿಸಿದ ಕುರಿಯ ತಲೆಯನ್ನೂ ಅವನ ಮುಂದೆಯೇ ಇಡುತ್ತಿದ್ದರು.

ಚೊಲ್ಪೊನ್ ಕಲಿಕೆ ಮುಗಿಸಿ ಬಂದ ಮರುದಿನವೇ ಪಕ್ಕದ ಮನೆಯ ಬುರುಲ್ ಅಜ್ಜಿ ಕೋಲೂರಿಕೊಂಡು ಬಂದಳು. ಕೊಟ್ಟ ಚಹಾ ಪಕ್ಕಕ್ಕಿಟ್ಟು, ಕಾಲಿಗೆ ಸುತ್ತಿದ್ದ ಬಟ್ಟೆ ಬಿಚ್ಚಿದಳು. ಸಕ್ಕರೆ ಕಾಯಿಲೆಯ ಕಾಲು. ಬೆರಳು ಕಪ್ಪಾಗಿದ್ದವು.

"ಆಸ್ಪತ್ರೆಗೆ ಹೋಗ್ಲಿಲ್ಲ ಕಣೇ. ನಮ್ಮ ಹುಡುಗಿ ಬರ್ತಾಳಲ್ಲ, ಅವಳೇ ನೋಡ್ಲಿ ಅಂತ ಚಳಿಗಾಲ ಪೂರ್ತಿ ಕಾದೆ."

"ನಾನೇನು ನೋಡ್ಲಿ ಅಜ್ಜಿ? ನಾನು ಕಲಿತಿರೋದು ನಲ್ಲಿ, ಪೈಪು, ಕಕ್ಕಸಿನ ಕೆಲಸ."

"ತಮಾಷೆ ಮಾಡ್ಬೇಡ. ಡಾಕ್ಟರ್ ಅಂತ ನಿಮ್ಮಪ್ಪನೇ ಹೇಳಿದಾನೆ."

ಮಗಳು ಅಪ್ಪನ ಕಡೆ ತಿರುಗಿದಳು. ಅವನು ಜಮಖಾನದ ಅಂಚನ್ನು ಉಗುರಿನಿಂದ ಕೆರೆಯುತ್ತ ಕೂತಿದ್ದ.

"ಅಪ್ಪಾ, ವ್ಯಾನ್ ತೆಗಿ," ಎಂದಳಷ್ಟೆ.

ಆಸ್ಪತ್ರೆಯಲ್ಲಿ ಅಜ್ಜಿಯ ಎರಡು ಬೆರಳು ತೆಗೆದರು. ಬೇಗ ಬಂದಿದ್ದರೆ ಉಳಿಯುತ್ತಿದ್ದವು ಎಂದರು ಡಾಕ್ಟರು. ತೊಕ್ತೊಸುನ್‌ಗೆ ಒಳಗೆ ಹೋಗಿ ಅಜ್ಜಿಯನ್ನು ನೋಡುವ ಧೈರ್ಯ ಬರಲಿಲ್ಲ.

ವಾಪಸು ಬರುವಾಗ ಚೊಲ್ಪೊನ್ ಕೇಳಿದಳು: "ನನ್ನ ಕೆಲಸ ಹೇಳ್ಕೊಳ್ಳೋಕೆ ನಿನಗೆ ಅಷ್ಟೊಂದು ನಾಚಿಕೇನಾ?"

ಅವನು ಗೇರು ಬದಲಿಸಿದ. ಆಗ ನಾಚಿಕೆಯಾಗಿದ್ದು ನಿಜ. ಈಗ ಆಗುತ್ತಿದ್ದ ನಾಚಿಕೆ ಬೇರೆ.

ಅಜ್ಜಿ ಮನೆಗೆ ಬಂದಳು. ಮುಂದಿನ ಚಳಿಯಲ್ಲಿ ಹಿಮ ತುಳಿದುಕೊಂಡು ಅಂಗಳದಾಚೆಯ ಕಕ್ಕಸಿಗೆ ಹೋಗುವುದು ಅವಳಿಂದಾಗದು. ಮನೆಯೊಳಗೇ ಕಕ್ಕಸು, ಬಿಸಿನೀರು ಮಾಡಿಕೊಡುತ್ತೇನೆಂದು ಚೊಲ್ಪೊನ್ ಹೊರಟಳು. ನೆಲ ಎಷ್ಟು ಆಳದವರೆಗೆ ಹೆಪ್ಪುಗಟ್ಟುತ್ತದೋ ಅದಕ್ಕಿಂತ ಕೆಳಗೆ ಪೈಪು ಹೋಗಬೇಕು. ಅಪ್ಪ ತಾನಾಗಿಯೇ ಗುದ್ದಲಿ ಹಿಡಿದು ಬಂದ.

ಬೇಲಿಯಾಚೆ ನಾಲ್ಕು ಜನ ಸೇರಿದರು. "ಏನಪ್ಪಾ ಡಾಕ್ಟರಪ್ಪ, ನೆಲಕ್ಕೆ ಆಪರೇಷನ್ನಾ?" ಎಂದ ಕಾದಿರ್, ಅಂಗಡಿಯವನು. ಎಲ್ಲರೂ ನಕ್ಕರು.

ತೊಕ್ತೊಸುನ್ ಗುಂಡಿಯಲ್ಲೇ ನೆಟ್ಟಗೆ ನಿಂತ. "ಡಾಕ್ಟರ್ ಅಂದಿದ್ದು ಸುಳ್ಳು. ನನ್ನ ಮಗಳು ಕೊಳಾಯಿ ಕೆಲಸದೋಳು. ಅಜ್ಜಿ ಬೆರಳು ಹೋಗಿದ್ದು ನನ್ನ ಬಾಯಿಂದ." ಯಾರೂ ಮತ್ತೆ ನಗಲಿಲ್ಲ.

ಆ ಚಳಿಗಾಲದಲ್ಲಿ ಅಜ್ಜಿಯ ಮನೆಯ ನೀರು ಒಂದು ದಿನವೂ ಹೆಪ್ಪುಗಟ್ಟಲಿಲ್ಲ. ಊರಿನ ಶಾಲೆ, ಹೆರಿಗೆ ಆಸ್ಪತ್ರೆ, ಎಲ್ಲ ಕಡೆಯಿಂದ ಚೊಲ್ಪೊನ್‌ಗೆ ಕರೆ ಬಂತು. ತಮ್ಮ ಹುಡುಗಿಯರನ್ನೂ ಜರ್ಮನಿಗೆ ಕಳಿಸಬಹುದೇ ಎಂದು ಜನ ಕೇಳಿಕೊಂಡು ಬಂದರು. ಕಲಿಯುವಾಗಲೇ ಸಂಬಳವನ್ನೂ ಕೊಡುತ್ತಾರೆಂದು ಅವಳೇ ಕೂರಿಸಿಕೊಂಡು ವಿವರಿಸಿದಳು.

ಬುರುಲ್ ಅಜ್ಜಿ ಈಗಲೂ ಪೇಟೆಗೆ ಹೋಗಲು ತೊಕ್ತೊಸುನ್‌ನ ವ್ಯಾನನ್ನೇ ಹತ್ತುತ್ತಾಳೆ, "ಹೇಗಿದ್ದೀಯೋ?" ಎಂದು ಕೇಳುತ್ತಾಳೆ ಕೂಡ. ಅವನು ಚೆನ್ನಾಗಿದ್ದೇನೆ ಎನ್ನುತ್ತಾನೆ, ರಸ್ತೆಯಿಂದ ಕಣ್ಣು ತೆಗೆಯದೆ.