ನೀರು ಕುಡಿದ ದೋಣಿ

ಗಡಿಬಿಡಿ ಅಕ್ಕನಿಗೆ ಆ ಹೆಸರು ಸುಮ್ಮನೆ ಬಂದದ್ದಲ್ಲ. ಒಲೆಯ ಮೇಲೆ ಹಾಲಿಟ್ಟು ಬಲೆ ಹೊಲಿಯಲು ಕೂರುವವಳು, ಹೊಲಿಯುತ್ತಲೇ ಪಕ್ಕದ ಮನೆಯ ಜಗಳ ಬಿಡಿಸುವವಳು. ಹಾಲು ಉಕ್ಕಿದರೆ, "ಉಕ್ಕಲಿ ಬಿಡ್ರೀ, ನಾನು ದಿನಾ ಉಕ್ಕಲ್ವಾ!" ಎಂದು ನಗುವವಳು.

ಗಂಡ ಪೂರಾ ತದ್ವಿರುದ್ಧ. ಹತ್ತು ಮಾತಿಗೆ ಒಂದು ಮಾತು, ಆ ಒಂದೂ ಈ ನಡುವೆ ಕಹಿಯಾಗಿತ್ತು. ಅವನ ಹಳೆಯ ಫೈಬರ್ ದೋಣಿ ಮೊಂಡು ಹಿಡಿದು ಕೂತಿತ್ತು. ಹಿಂಭಾಗ ನೀರಿಗೆ ಕುಸಿಯುತ್ತಿತ್ತು, ತಿರುಗಿಸಿದರೆ ತಿರುಗುತ್ತಿರಲಿಲ್ಲ, ಎಲ್ಲರೂ ಮೀನು ಇಳಿಸಿ ಮನೆ ಸೇರಿದ ಮೇಲೆ ಇವನು ತೆವಳಿಕೊಂಡು ಬರುತ್ತಿದ್ದ. ಎಂಜಿನ್ ಬಿಚ್ಚಿ ನೋಡಿದ್ದೂ ಆಯಿತು. ಅದರಲ್ಲಿ ಏನೂ ಕೆಟ್ಟಿರಲಿಲ್ಲ.

"ದೋಣಿಗಲ್ಲ ಕಣೇ, ನನಗೇ ವಯಸ್ಸಾಯ್ತು. ಕೈ ಸೋತಿದೆ," ಎಂದ. ಐಸ್ ಕಾರ್ಖಾನೆಯ ಗೇಟು ಕಾಯುವ ಕೆಲಸಕ್ಕೆ ಒಪ್ಪಿಕೊಂಡೂ ಬಂದ. ದೋಣಿ ಗುಜರಿಗೆ ಎಂದು ತೀರ್ಮಾನವಾಯಿತು.

ಅಕ್ಕ ಹೊಲಿಯುತ್ತಿದ್ದ ಬಲೆ ಎಸೆದು ಎದ್ದಳು. ಕಡಲಲ್ಲಿ ಹುಲಿಯ ಹಾಗಿದ್ದ ಮನುಷ್ಯ ಸ್ಟೂಲಿನ ಮೇಲೆ ಕೂತು ಲಾರಿಗಳಿಗೆ ಗೇಟು ತೆರೆಯುವುದೇ? ಬೇಕಾದರೆ ತನ್ನ ಹೆಣ ಬೀಳಲಿ, ಅದೊಂದು ಆಗಕೂಡದು!

ಗುಜರಿಯವನು ಬಂದ ದಿನ ದೋಣಿಯನ್ನು ದಡಕ್ಕೆ ಎಳೆದರು. ಹಿಂದೆಲ್ಲ ಅದಕ್ಕೆ ಆರು ಜನ ಸಾಕಿತ್ತು. ಈಗ ಅದರ ಎರಡರಷ್ಟು ಜನ ಹಗ್ಗ ಹಿಡಿದೂ ಉಸ್ಸಪ್ಪಾ ಎಂದು ಕೂತುಬಿಟ್ಟರು. ಅಕ್ಕನಿಗೆ ಥಟ್ಟನೆ ಹೊಳೆಯಿತು. ಖಾಲಿ ದೋಣಿ ಇಷ್ಟೊಂದು ಭಾರ ಹೇಗೆ? ವಯಸ್ಸಾದರೆ ಮನುಷ್ಯರಿಗೆ ಬೊಜ್ಜು ಬರಬಹುದು, ದೋಣಿಗೂ ಬರುತ್ತದೆಯೇ?

ಸುತ್ತಿಗೆ ತಂದು ದೋಣಿಯ ನೆಲ ತಟ್ಟಿದಳು. ಮುಂದೆ ಟಕ್ ಟಕ್. ಹಿಂದೆ ದಪ್ ದಪ್.

"ರೀ! ತೇಲಲಿ ಅಂತ ನೆಲದಡಿ ಫೋಮ್ ತುಂಬಿದ್ದಾರಲ್ಲ, ಅದು ನೀರು ಕುಡಿದಿದೆ ರೀ!"

"ತಲೆ ಕೆಟ್ಟಿದೆ ನಿನಗೆ. ಗುಜರಿಗೆ ಹೋಗೋ ದೋಣಿಗೆ ಆಪರೇಷನ್ ಬೇರೆ."

"ಹೆಂಗೂ ಗುಜರಿಗೆ ಹೋಗತ್ತಲ್ಲ, ಕೊಯ್ದರೆ ನಿಮ್ಮ ಗಂಟೇನು ಹೋಯ್ತು?"

ದೋಣಿ ಕತ್ತರಿಸಲೆಂದು ಗುಜರಿಯವನು ಕರೆತಂದಿದ್ದ ಬಡಗಿಯ ಕೈಯಿಂದ ಕಟರ್ ಕಿತ್ತುಕೊಂಡು ತಾನೇ ಚೌಕ ಕೊಯ್ದಳು. ಒಳಗಿನಿಂದ ಒಂದು ತುಂಡು ಕಿತ್ತು ಹಿಂಡಿದಳು, ಮೊಣಕೈಯವರೆಗೂ ನೀರು ಇಳಿಯಿತು. "ನೋಡ್ರೋ! ನೋಡ್ರೋ!" ಎಂದು ಕುಣಿದಳು. ಗುಜರಿಯವನೂ ತಕ್ಕಡಿ ಬಿಟ್ಟು ಇಣುಕಿದ.

ಗಂಡ ತಡೆಯಲಾರದೆ ಒಳಗಿಳಿದ. ಫೋಮ್ ಕೆರೆಯುತ್ತಾ ತಳ ಮುಟ್ಟಿದವನು ಹಾಗೇ ನಿಂತ. ದಡಕ್ಕೆ ಎಳೆದಾಗ ಬಿರಡೆ ತೆಗೆದರೆ ಸೇರಿದ ನೀರು ಬಸಿದು ಹೋಗಲೆಂದು ಹಿಂಭಾಗದಲ್ಲಿ ಬಿಟ್ಟಿದ್ದ ರಂಧ್ರಕ್ಕೆ ಯಾರೋ ಹೊರಗಿನಿಂದ ಗಟ್ಟಿಯಾಗಿ ಅಂಟು ಮೆತ್ತಿದ್ದರು. ಅವನ ಮುಖ ಪೆಚ್ಚಾಯಿತು.

"ಇದು ನಾನೇ ಮುಚ್ಚಿದ್ದು ಕಣೇ. ನಮ್ಮ ಮಗಳು ಚಿಕ್ಕವಳಿದ್ದಾಗ, ಮೊದಲ ಸಲ ದೋಣಿ ಹತ್ತಿದ ದಿನ. ದೋಣಿ ಅಂದ ಮೇಲೆ ತೂತು ಯಾಕೆ ಅಂತ ಹೆದರಿಕೆ ಆಯ್ತು."

ಅಕ್ಕ ನಕ್ಕು ನಕ್ಕು ಮರಳಿನ ಮೇಲೇ ಕೂತಳು. "ಹಂಗಾದ್ರೆ ಸೋತಿದ್ದು ಬುದ್ಧಿ, ಕೈಯಲ್ಲ! ನಿಮ್ಮ ಬುದ್ಧಿ ಮದುವೆಯಾದಾಗಲೂ ಅಷ್ಟೇ ಇತ್ತು ಬಿಡಿ!"

ಗುಜರಿಯವನು ಒದ್ದೆ ಫೋಮಿನ ಗುಡ್ಡೆ ನೋಡಿ, "ಇದನ್ನಾದ್ರೂ ತೂಗಲಾ ಅಕ್ಕಾ?" ಎಂದು ನಗುತ್ತಾ ಗಾಡಿ ತಿರುಗಿಸಿದ. ಹೊಟ್ಟೆ ಬಗೆದ ದೋಣಿ ಬಿಸಿಲಲ್ಲಿ ಒಣಗಿತು. ರಂಧ್ರ ಬಿಡಿಸಿ, ನೀರು ಹೀರದ ಹೊಸ ಫೋಮ್ ಹಾಳೆಗಳನ್ನು ಒತ್ತೊತ್ತಿ ತುಂಬಿ, ಗಂಡ ಹೆಂಡತಿ ಸೇರಿ ನೆಲ ಮುಚ್ಚಿದರು.

ನೀರಿಗಿಳಿಸಿದ ಬೆಳಗ್ಗೆ ಅಕ್ಕನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಗಂಡ ಎಂಜಿನ್ ವೇಗ ಏರಿಸಿದ. ಅಬ್ಬಾ! ಮೂತಿ ಎತ್ತಿಕೊಂಡು ದೋಣಿ ಹಾರಿತು. ಎಡಕ್ಕೆಂದರೆ ಎಡಕ್ಕೆ, ಬಲಕ್ಕೆಂದರೆ ಬಲಕ್ಕೆ. ಒಂದು ಸುತ್ತು ಹೊಡೆದು ದಡದ ಹತ್ತಿರ ಬಂದವನು ಎದ್ದು ನಿಂತು ಗಂಟಲು ಹರಿಯುವಂತೆ ಕೂಗಿದ.

"ಏ, ಕಾರ್ಖಾನೆಯವರಿಗೆ ಹೇಳಿ ಬಾರೇ! ಗೇಟಿಗೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಲಿ!"

"ಹೇಳ್ತೀನಿ ರೀ!" ಎಂದು ಅಕ್ಕ ಕೂಗಿದಳು. ಕೂಗುತ್ತಲೇ ಅಳು ಬಂತು. ಅಳುತ್ತಲೇ ಸೆರಗು ಸಿಕ್ಕಿಸಿಕೊಂಡು ಕಾರ್ಖಾನೆಯ ಕಡೆ ಓಡಿದಳು.