ಭಾಮೈದನ ಕೈಯ ಬಿಳಿ ಪಟ್ಟಿ

ಮೈದಾನದಲ್ಲಿ ಅವನನ್ನು ಎಲ್ಲರೂ ಹದ್ದು ಅನ್ನುತ್ತಿದ್ದರು. ವಾರದಲ್ಲಿ ಆರು ದಿನ ಕಾರ್ಖಾನೆಯ ಲೇತ್ ಯಂತ್ರದ ಮುಂದೆ, ಏಳನೆಯ ದಿನ ಬೇಸ್‌ಬಾಲ್ ಆಟಕ್ಕೆ ಅಂಪೈರು. ಎರಡು ಕಡೆಯೂ ಅವನ ಕಣ್ಣು ಮೊದಲು ಹೋಗುತ್ತಿದ್ದುದು ಕೈಗಳ ಮೇಲೆ. ಲೇತಿನ ಹತ್ತಿರ ಉಂಗುರ ಹಾಕಿಕೊಂಡು ಬಂದವನ ಬೆರಳು ಹೋಗುತ್ತದೆ. ಮೈದಾನದಲ್ಲಿ ಪಿಚರ್, ಅಂದರೆ ಚೆಂಡು ಎಸೆಯುವವನು, ಕೈಗೆ ಹೊಳೆಯುವಂಥದ್ದೋ ಬೆಳ್ಳಗಿನದ್ದೋ ಹಾಕಿಕೊಂಡರೆ ಎದುರು ಬ್ಯಾಟು ಹಿಡಿದವನ ಕಣ್ಣು ಚೆಂಡು ಬಿಟ್ಟು ಅದರ ಹಿಂದೆ ಹೋಗುತ್ತದೆ. ತೆಗೆಸಬೇಕು. ನಿಯಮ ಅಷ್ಟೇ.

ತೆಗೆಸುವುದಕ್ಕೂ ಅವನದೊಂದು ರೀತಿ ಇತ್ತು. ಆಟ ಶುರುವಾಗುವ ಮೊದಲೇ ಪಿಚರ್ ಹತ್ತಿರ ಹೋಗಿ, ಜನಕ್ಕೆ ಬೆನ್ನು ಹಾಕಿ ನಿಂತು, ಮೆಲ್ಲಗೆ ಹೇಳುತ್ತಿದ್ದ. "ಗಡಿಯಾರ ಜೇಬಿಗೆ ಹಾಕ್ಕೊಳಪ್ಪ, ಟೈಮು ನಾನು ನೋಡ್ಕೋತೀನಿ." ಹುಡುಗರು ನಕ್ಕು ತೆಗೆದಿಡುತ್ತಿದ್ದರು. ಎದುರಾಳಿ ದೂರು ಕೊಡುವ ಮುಂಚೆ ಹೇಳಿದರೆ ಬುದ್ಧಿಮಾತು, ಆಮೇಲೆ ಹೇಳಿದರೆ ಅವಮಾನ, ಅನ್ನುತ್ತಿದ್ದ.

ಹದಿನೆಂಟು ವರ್ಷ ಅವನ ಮೇಲೆ ಒಂದು ಮಾತು ಬರಲಿಲ್ಲ. ಬಿಸಿಲಲ್ಲಿ ಮೊಣಕಾಲು ಬಗ್ಗಿಸಿ ನಿಂತು ಬೈಗುಳ ತಿನ್ನುವ ಕೆಲಸದಲ್ಲಿ ಏನು ಸುಖವೋ ಹೆಂಡತಿಗೆ ತಿಳಿಯಲಿಲ್ಲ. ಆದರೆ ಆಟದ ದಿನ ಬೆಳಿಗ್ಗೆ ಅವನು ಬೂಟು ಒರೆಸುವುದನ್ನು ನೋಡಿದರೆ ಬಾಯಿ ಮುಚ್ಚಿಕೊಳ್ಳುತ್ತಿದ್ದಳು.

ಆ ವರ್ಷದ ಕೊನೆಯ ಪಂದ್ಯ ಪ್ರಿಂಟಿಂಗ್ ಪ್ರೆಸ್ಸಿನವರಿಗೂ ಬಸ್ ಡಿಪೋದವರಿಗೂ. ಪ್ರೆಸ್ಸಿನ ಪಿಚರ್ ಅವಳ ಸ್ವಂತ ತಮ್ಮ. "ಭಾಮೈದ ಆಡೋ ಆಟಕ್ಕೆ ನಾನು ಬೇಡ" ಅಂದ ಗಂಡ. ಎರಡೂ ತಂಡದವರು ಬಿಡಲಿಲ್ಲ. ನಿನ್ನನ್ನು ನಂಬದೆ ಇನ್ಯಾರನ್ನು ನಂಬೋದು ಅಂದರು.

ಪಂದ್ಯದ ದಿನ ಬೆಳಿಗ್ಗೆ ಅಕ್ಕನ ಮನೆಗೆ ಬಂದ ತಮ್ಮ ಬಿಸಿನೀರಿನ ಪಾತ್ರೆ ಇಳಿಸಲು ಹೋಗಿ ಮಣಿಕಟ್ಟು ಸುಟ್ಟುಕೊಂಡ. ಎಸೆಯುವ ಕೈಯೇ. ಅವಳು ಹಳೆಯ ದಿಂಬಿನ ಚೀಲ ಹರಿದು ಬಿಳಿ ಪಟ್ಟಿ ಕಟ್ಟಿದಳು.

ಮೈದಾನದಲ್ಲಿ ಗಂಡ ಅದನ್ನು ನೋಡಿದ. ನೋಡದೆ ಇರುತ್ತಾನೆಯೇ? ಆದರೆ ಕಟ್ಟಿದವಳು ಹೆಂಡತಿ, ಒಳಗಿರುವುದು ಬೊಬ್ಬೆ. "ಅಂಗಿ ತೋಳು ಕೆಳಗೆ ಎಳ್ಕೊ" ಅಂದು ಬಂದುಬಿಟ್ಟ. ಕೈ ಮೇಲೆತ್ತಿ ಎಸೆದರೆ ಅಂಗಿ ತೋಳು ಕೆಳಗೆ ನಿಲ್ಲುತ್ತದೆಯೇ? ಹದಿನೆಂಟು ವರ್ಷ ನೋಡಿದವನಿಗೆ ಅಷ್ಟು ಹೊಳೆಯಲಿಲ್ಲ.

ಕೊನೆಯ ಸುತ್ತು. ಬ್ಯಾಟು ಹಿಡಿದವನು ಡಿಪೋದ ಡ್ರೈವರ್, ಅವರ ತಂಡದ ಕೊನೆಯ ಆಸೆ. ಎರಡು ಚೆಂಡು ಬಂದವು, ಎರಡೂ ಸ್ಟ್ರೈಕ್, ಅಂದರೆ ಬ್ಯಾಟಿಗೆ ಸಿಗದೆ ಹೋದವು. ಇನ್ನೊಂದಾದರೆ ಔಟ್. ಆಗ ಡ್ರೈವರ್ ಕೈ ಎತ್ತಿದ.

"ಅವನ ಕೈಲಿ ಬಿಳಿ ಪಟ್ಟಿ ಇದೆ ಸಾರ್. ಚೆಂಡು ಯಾವ್ದು ಪಟ್ಟಿ ಯಾವ್ದು ಒಂದೂ ತಿಳೀತಿಲ್ಲ."

"ಹದ್ದಿಗೆ ಮನೆ ಕೋಳಿ ಕಾಣಲ್ಲ ಬಿಡೋ!" ಅಂತ ಯಾರೋ ಕೂಗಿದರು. ಮೈದಾನವೆಲ್ಲ ನಕ್ಕಿತು.

ಅವನು ಆಟ ನಿಲ್ಲಿಸಿ ಎಲ್ಲರ ಮುಂದೆ ಪಟ್ಟಿ ಬಿಚ್ಚಿಸಿದ. ಎಸೆದಾದ ಚೆಂಡನ್ನು ಲೆಕ್ಕದಿಂದ ತೆಗೆಯಲು ಬರುವುದಿಲ್ಲ, ಎರಡು ಸ್ಟ್ರೈಕ್ ಹಾಗೇ ಉಳಿದವು. ಬೊಬ್ಬೆ ಒಡೆದ ಕೈಯಲ್ಲೇ ಭಾಮೈದ ಮೂರನೆಯದು ಎಸೆದ. ಡ್ರೈವರ್ ಔಟ್. ಆಟ ಮುಗಿಯಿತು, ಬೈಗುಳ ಶುರುವಾಯಿತು. ಭಾಮೈದನಿಗೆ ಎರಡು ಸ್ಟ್ರೈಕ್ ಉಡುಗೊರೆ ಕೊಟ್ಟ ಅಂದರು ಡಿಪೋದವರು. ಗೆದ್ದ ಭಾಮೈದನಿಗೂ ಸಿಟ್ಟು. "ಕಳ್ಳನ್ನ ನಿಲ್ಲಿಸಿದ ಹಾಗೆ ನಿಲ್ಲಿಸಿದ್ರಲ್ಲ ಭಾವ."

"ಒಂದು ಮಾತು ಹೇಳಿದ್ರೆ ಕಂದು ಬಟ್ಟೆ ಕಟ್ತಿದ್ದೆನಲ್ರೀ. ಬೇಲಿ ಪಕ್ಕಾನೇ ಕೂತಿದ್ದೆ" ಅಂದಳು ಹೆಂಡತಿ.

ಮರುದಿನ ಗಂಡ ತಾನೇ ಪಂದ್ಯ ನಡೆಸುವ ಕಮಿಟಿಯವರ ಹತ್ತಿರ ಹೋದ. ಕಾಣಲಿಲ್ಲ ಅಂದಿದ್ದರೆ ಮುಗಿಯುತ್ತಿತ್ತು. "ಆಟಕ್ಕೆ ಮುಂಚೆ ನೋಡಿದ್ದೆ, ತೆಗೆಸಲಿಲ್ಲ" ಅಂದ. ಒಂದು ವರ್ಷ ಅಂಪೈರ್ ಕೆಲಸವಿಲ್ಲ ಅಂದರು. ವರ್ಷ ತುಂಬಲಿಲ್ಲ. ಎಂಟನೆಯ ತಿಂಗಳು ಲೇತಿನ ಮುಂದೆಯೇ ಎದೆ ಹಿಡಿದುಕೊಂಡು ಕುಸಿದ. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಉಸಿರಿರಲಿಲ್ಲ.

ಐದನೆಯ ದಿನ ಡ್ರೈವರ್ ಮನೆಗೆ ಬಂದ. ಕುರ್ಚಿಯ ತುದಿಯಲ್ಲಿ ಕೂತ.

"ಅಕ್ಕ, ಅವತ್ತು ಚೆಂಡು ನಂಗೆ ಚೆನ್ನಾಗೇ ಕಾಣ್ತಿತ್ತು. ಪಿಚರ್ ತಲೆ ಕೆಡಿಸೋಣ ಅಂತ ಹಾಗೆ ಹೇಳ್ದೆ."

ಅವಳ ಮೈಯೆಲ್ಲ ಉರಿಯಿತು. "ಎಂಟು ತಿಂಗಳು ಬಾಯಲ್ಲಿ ಏನಿಟ್ಕೊಂಡಿದ್ದೆ?"

"ಮೂರು ಸಲ ಬಂದೆ ಅಕ್ಕ. ಬಾಗಿಲ ತನಕ ಬಂದು ವಾಪಸ್ ಹೋದೆ."

"ಬಾಗಿಲಿಂದ ಕೂಗಿದ್ರೂ ಕೇಳಿಸ್ತಿತ್ತಲ್ಲೋ!"

"ಅವರಿಗೆ ಗೊತ್ತಾಗಿದ್ರೆ..."

"ಗೊತ್ತಾಗಿದ್ರೂ ಅಷ್ಟೇ. ನಿಂಗೆ ಕಾಣ್ತೋ ಇಲ್ವೋ ಅಂತ ಅವರು ಕೇಳಿದ್ರಾ? ತಾನು ನೋಡಿದ್ದೆ ಅಂತ ಹೋಗಿ ಹೇಳಿಬಂದ್ರು." ಅವಳಿಗೆ ಯಾರ ಮೇಲೆ ಸಿಟ್ಟು ಮಾಡುವುದೋ ತಿಳಿಯಲಿಲ್ಲ. ಇವನ ಮೇಲೋ, ತಮ್ಮನ ಮೇಲೋ, ಹೋದವನ ಮೇಲೋ. "ನನ್ ಹತ್ರ ಯಾಕೆ ಬಂದೆ? ಅವರು ನಿಂತು ಹೇಳಿದ್ರಲ್ಲ, ಆ ಕಮಿಟಿ ಮುಂದೆ ಹೋಗಿ ಹೇಳು."

"ಈಗ ಹೇಳಿ ಏನು ಬಂತು ಅಕ್ಕ?"

"ನಂಗೂ ಗೊತ್ತಿಲ್ಲ. ಏಳು."

ಅವನು ಎದ್ದು ಚಪ್ಪಲಿ ಹಾಕಿಕೊಂಡ. ಕಮಿಟಿಯ ಕಡೆಗೆ ಹೋದನೋ, ಡಿಪೋ ಕಡೆಗೆ ಹೋದನೋ, ಅವಳು ಬಗ್ಗಿ ನೋಡಲಿಲ್ಲ.